ಐದು ಹಾರ್ನ್, ಎರಡು ಟ್ರೇಲರ್ ಕಬ್ಬು

ಸಮುದ್ರದಲ್ಲಿ ಯಾವ ಹಡಗು ಯಾವುದಕ್ಕೆ ದಾರಿ ಬಿಡಬೇಕು ಎಂಬ ವಿಷಯದಲ್ಲಿ ಇಡೀ ಹಾರೂಗೇರಿಯಲ್ಲಿ ನನಗಿಂತ ತಿಳಿದವರು ಯಾರೂ ಇರಲಿಲ್ಲ. ರಾಯಬಾಗದ ಒಂದು ಕೋಚಿಂಗ್ ಕ್ಲಾಸಿನವರು ಕೆಲಸ ಕೊಡುವ ಮುಂಚೆ, ವಿಷಯ ಯಾವುದಾದರೂ ಸರಿ, ಇಪ್ಪತ್ತು ನಿಮಿಷದ ಮಾದರಿ ಪಾಠ ಕೇಳಿದ್ದರು. ನಾನು ಆರಿಸಿಕೊಂಡದ್ದು ಇದನ್ನೇ. ಮೂರು ದಿನ ಅವ್ವನೆದುರು ಸೌಟು, ಲಟ್ಟಣಿಗೆಗಳನ್ನು ಹಡಗು ಮಾಡಿ ಓಡಿಸಿದ್ದೆ.

ನಿಯಮ ಸರಳ. ಎರಡು ಹಡಗುಗಳ ದಾರಿ ಅಡ್ಡಬಂದರೆ, ಯಾರಿಗೆ ಇನ್ನೊಂದು ಹಡಗು ಬಲಗಡೆ ಕಾಣುತ್ತದೋ ಅವರು ದಾರಿ ಬಿಡಬೇಕು. ಇನ್ನೊಬ್ಬರು ದಿಕ್ಕು, ವೇಗ ಬದಲಿಸದೆ ಸಾಗಬೇಕು. ಅನುಮಾನ ಬಂದರೆ ಐದು ಸಲ ಚುಟುಕಾಗಿ ಹಾರ್ನ್.

“ಎಲ್ಲಾ ಖರೆ. ಎದುರಿನಂವಗೂ ಇದು ಗೊತ್ತಿರಬೇಕಲ್ಲಾ?” ಎಂದಳು ಅವ್ವ. ಸಮುದ್ರ ಕಾಣದವರ ಪ್ರಶ್ನೆ ಎಂದು ಸೌಟನ್ನು ಮುಂದಕ್ಕೆ ಓಡಿಸಿದೆ. ನಾನೂ ಕಂಡಿರಲಿಲ್ಲ.

ಪಾಠ ಹತ್ತು ಗಂಟೆಗೆ. ಗಂಜಿ ಹಾಕಿದ ಸೀರೆ ಉಟ್ಟು ಸ್ಕೂಟರ್ ಹತ್ತಿದೆ. ಅರ್ಧ ದಾರಿಯಲ್ಲಿ, ಎಡಗಡೆಯ ಹೊಲದ ದಾರಿಯಿಂದ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಒಂದು ಟ್ರ್ಯಾಕ್ಟರ್ ಬಂತು. ಸ್ಪೀಕರಿನಲ್ಲಿ ಹಾಡು ಗುಡುಗುತ್ತಿತ್ತು. ನಾನು ಅದರ ಬಲಗಡೆ. ಹಕ್ಕು ನನ್ನದು! ದಿಕ್ಕು ಬದಲಿಸಲಿಲ್ಲ, ವೇಗ ಬದಲಿಸಲಿಲ್ಲ. ಐದು ಹಾರ್ನ್ ಹೊಡೆದೆ. ಬರುತ್ತಲೇ ಇತ್ತು. ಮತ್ತೆ ಐದು. ಟ್ರ್ಯಾಕ್ಟರಿಗೆ ಅನುಮಾನವೇ ಬರಲಿಲ್ಲ. ಕೊನೆಗೆ ಹ್ಯಾಂಡಲ್ ತಿರುಗಿಸಿದವಳು ನಾನೇ. ನೇರ ನೀರಿನ ಕಾಲುವೆಗೆ.

ಚಾಲಕರು ಇಳಿದು ಓಡಿಬಂದರು. ಕೆಸರಲ್ಲಿ ಕೂತೇ ವಾದ ಮಂಡಿಸಿದೆ.

“ಕಾಕಾ, ನಾನು ನಿಮ್ಮ ಬಲಗಡೆ ಇದ್ದೆ.”

“ಈಗ ಕೆಳಗ ಅದಿ. ಏಳವಾ ತಂಗಿ.”

ಹತ್ತು ಸಲ ಹಾರ್ನ್ ಹೊಡೆದದ್ದು ಕೇಳಿಸಲಿಲ್ಲವೇ ಎಂದೆ.

“ಕೇಳಸ್ತು. ಹಾಡಿಗಿ ತಾಳ ಹಾಕಾಕತ್ತಿ ಅಂದ್ಕೊಂಡ್ನಿ.” ಆಮೇಲೆ, ಮಗುವಿಗೆ ಹೇಳುವಂತೆ, ಕೈಯಲ್ಲೇ ತಿರುವು ತೋರಿಸುತ್ತ, “ಹಿಂದ ಎರಡ ಡಬ್ಬಿ ಕಬ್ಬ ಐತಿ. ನಾ ಎಲ್ಲಿ ಹೊಳ್ಳಲಿ? ಹೊಳ್ಳಾಕ ಬರುವಂವ್ರು ಹೊಳ್ಳಬೇಕು.”

ಇಂಥ ಅಜ್ಞಾನಕ್ಕೆ ಉತ್ತರಿಸುವುದು ನನ್ನ ಘನತೆಗೆ ತಕ್ಕದ್ದಲ್ಲ ಎನಿಸಿತು. ಅವರೇ ಸ್ಕೂಟರ್ ಎತ್ತಿಕೊಟ್ಟರು.

ರಾಯಬಾಗ ಮುಟ್ಟುವಷ್ಟರಲ್ಲಿ ನನ್ನ ಜಾಗದಲ್ಲಿ ಬೇರೊಬ್ಬರು ಪಾಠ ಮುಗಿಸಿ ಚಹಾ ಕುಡಿಯುತ್ತಿದ್ದರು. ಕೆಲಸವೂ ಅವರಿಗೇ.

ಸಂಜೆ ಒದ್ದೆ ಟಿಪ್ಪಣಿಗಳನ್ನು ಹರವುತ್ತಿದ್ದೆ. ಇಪ್ಪತ್ತು ನಿಮಿಷಕ್ಕೆ ಹಿಡಿಯದೆಂದು ನಾನೇ ಕಾಟು ಹಾಕಿದ್ದ ಸಾಲು ಸಿಕ್ಕಿತು: ಭಾರ ಎಳೆಯುವಂಥ ಕೆಲಸದಿಂದಾಗಿ ಸುಲಭವಾಗಿ ತಿರುಗಲಾಗದ ಹಡಗಿಗೆ, ಅದು ಯಾವ ಕಡೆಯಿಂದ ಬಂದರೂ, ಉಳಿದವರೇ ದಾರಿ ಬಿಡಬೇಕು.

ಈಗ ಕಬ್ಬಿನ ಟ್ರ್ಯಾಕ್ಟರ್ ದೂರದಲ್ಲಿ ಕಂಡರೂ ಸ್ಕೂಟರ್ ಇಳಿದು ಬದಿಗೆ ನಿಲ್ಲುತ್ತೇನೆ. ಅವ್ವ ಹಿಂದಿನ ಸೀಟಿನಲ್ಲಿದ್ದರೆ ಕೇಳುತ್ತಾಳೆ, “ಲಂಗರ ಹಾಕಿದೇನವಾ?”