ನನ್ನ ಹಿಮ್ಮಡಿಯ ಪರವಾಗಿ ಪೆಟ್ಟು ತಿಂದವರ ಕುರಿತು

ಸಾದಲಿ, ೧೯೯೮ರ ಆಗಸ್ಟ್ ತಿಂಗಳು

ಮಾನ್ಯ ಷಾಕ್ ವೇವ್ ಯಂತ್ರ ಮಹಾಶಯರೇ,

ಶಿಡ್ಲಘಟ್ಟ ತಾಲ್ಲೂಕು ಸಾದಲಿಯಲ್ಲಿ ರೇಷ್ಮೆ ಹುಳು ಸಾಕುವ ಶ್ಯಾಮಲಮ್ಮನೆಂಬ ನಾನು ತಮಗೂ, ತಮ್ಮ ವೈರು ಗುಂಡಿಗಳಿಗೂ, ತಮ್ಮನ್ನು ಹೊತ್ತು ತರುವ ವ್ಯಾನಿಗೂ ಸಾಷ್ಟಾಂಗ ನಮಸ್ಕರಿಸುತ್ತೇನೆ. ನಿಂತು ನಮಸ್ಕರಿಸುವುದು ನನಗೀಗ ಕಷ್ಟ. ತಾವು ಪ್ರತಿ ಸೋಮವಾರ ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಮೂಳೆ ಡಾಕ್ಟರ ಕ್ಲಿನಿಕ್ಕಿಗೆ ದಯಮಾಡಿಸಿ, ಬರೀ ಸದ್ದಿನ ಪೆಟ್ಟಿನಿಂದಲೇ ಊದಿದ ನಾರುಗಳನ್ನು ವಾಸಿ ಮಾಡುತ್ತೀರೆಂಬ ಕೀರ್ತಿ ನಮ್ಮೂರಿಗೂ ಮುಟ್ಟಿದೆ.

ವರ್ಷದಿಂದ ನನ್ನ ಬಲ ಹಿಮ್ಮಡಿಯ ತಳದಲ್ಲಿ ನೋವು. ಬೆಳಗ್ಗೆ ಎದ್ದು ಕಾಲೂರಿದರೆ ಜೀವ ಬಾಯಿಗೆ ಬರುತ್ತದೆ. ನಾನೇ ತಮ್ಮ ದರ್ಶನಕ್ಕೆ ಬರಬೇಕಿತ್ತು, ಆದರೆ ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದು ಹಗಲೂ ರಾತ್ರಿ ಸೊಪ್ಪು ಮುಕ್ಕುತ್ತಿದ್ದವು. ಆದ್ದರಿಂದ ನಮ್ಮ ಮನೆಯ ವಾಡಿಕೆಯಂತೆ ಯಜಮಾನರಾದ ವೆಂಕಟರಾಯಪ್ಪನವರು ನನ್ನ ಪರವಾಗಿ ಹೊರಟರು. ನನ್ನ ಕೆಮ್ಮನ್ನು ಡಾಕ್ಟರ ಮುಂದೆ ಅವರೇ ಕೆಮ್ಮಿದ್ದಾರೆ, ನನ್ನ ನವೆಯನ್ನು ಅವರೇ ಕೆರೆದು ತೋರಿಸಿ ಮುಲಾಮು ತಂದಿದ್ದಾರೆ. ತಮ್ಮ ಚಿಕಿತ್ಸೆಯನ್ನೂ ತುಂಬಿಸಿಕೊಂಡು ಬರಲೆಂದು ನಾನೇ ಒಂದು ಸೀಸೆ ತೊಳೆದು ಕೊಟ್ಟಿದ್ದೆ.

ಅಲ್ಲಿ ಇವರು ಹಿಮ್ಮಡಿ ನೋವೆಂದರಂತೆ, ಯಾರ ಹಿಮ್ಮಡಿಯೆಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕ್ಲಿನಿಕ್ಕಿನವರು ಮಂಚ ತೋರಿಸಿದರು, ಇವರು ಮಲಗಿದರು. ಏಕೆ ಮಲಗಿದಿರಿ ಎಂದು ಆಮೇಲೆ ಕೇಳಿದರೆ, 'ಅಷ್ಟು ಮರ್ಯಾದೆಯಾಗಿ ಮಲಗಿ ಅಂದ್ರು ಕಣೇ, ಹೆಂಗೆ ಆಗಲ್ಲ ಅನ್ನೋದು?' ಅಂದರು. ತಾವು ಪಟಪಟನೆ ಪೆಟ್ಟು ಹಾಕತೊಡಗಿದಾಗ ಇವರು ಅಯ್ಯಪ್ಪೋ ಎಂದರು. ನೋವಿರುವ ಜಾಗ ಸಿಕ್ಕಿತೆಂದು ಕಾಂಪೌಂಡರು ಅಲ್ಲೇ ಇನ್ನಷ್ಟು ಹಾಕಿಸಿದನಂತೆ. ಇಲ್ಲದ ನೋವನ್ನೂ ಹುಡುಕಿ ತೆಗೆಯುವ ತಮ್ಮ ಸಾಮರ್ಥ್ಯವನ್ನು ಎಷ್ಟು ಹೊಗಳಿದರೂ ಸಾಲದು.

ಇವರು ಕುಂಟುತ್ತಾ ಖಾಲಿ ಸೀಸೆಯೊಂದಿಗೆ ಬಸ್ಸಿಳಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ಏಕೆಂದರೆ ಡಾಕ್ಟರು ಹತ್ತು ದಿನ ಹೆಚ್ಚು ನಿಲ್ಲಬಾರದು, ಭಾರ ಹೊರಬಾರದು ಎಂದೂ ಹೇಳಿ ಕಳುಹಿಸಿದ್ದರು. ನನಗೆ ಸಲ್ಲಬೇಕಾದ ಆ ವಿಶ್ರಾಂತಿಯನ್ನು ಯಜಮಾನರು ನನ್ನ ಪರವಾಗಿ ಚಾಚೂ ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆ. ಪಕ್ಕದ ಮನೆಯ ಕೊಂಡಮ್ಮ ನಂದಿಯ ದ್ರಾಕ್ಷಿ ತಂದು, 'ಪಾಪ, ಅಣ್ಣ ಎಂಥಾ ನೋವು ತಿಂದವ್ರೆ, ಚೆನ್ನಾಗಿ ನೋಡ್ಕೊಳ್ಳಮ್ಮ' ಎಂದು ನನಗೇ ಬುದ್ಧಿ ಹೇಳಿ ಹೋದಳು. ನಾನು ಒಂಟಿ ಕಾಲಿನ ಮೇಲೆ ಭಾರ ಬಿಟ್ಟು ಸೊಪ್ಪಿನ ಕುಕ್ಕೆ ಹೊರುತ್ತಿದ್ದೆ. ನಿನ್ನ ಕಾಲು ಹೇಗಿದೆಯೆಂದು ಒಬ್ಬರೂ ಕೇಳಲಿಲ್ಲ, ಅದರಿಂದ ನನಗೆ ನಿಜವಾಗಿಯೂ ನೋವಾಯಿತು.

ಆದ್ದರಿಂದ ಮಹಾಶಯರೇ, ಹಿಮ್ಮಡಿ ಯಾರದೆಂದು ಕೇಳುವ ಗುಂಡಿಯೊಂದನ್ನು ತಮ್ಮಲ್ಲಿ ಇರಿಸಿಕೊಳ್ಳಬೇಕೆಂದು ಪ್ರಾರ್ಥನೆ. ಅದಾಗದಿದ್ದರೆ ಇವರ ವಿಶ್ರಾಂತಿಯನ್ನು ಇವರ ಕಾಲಿನಿಂದ ಕಿತ್ತು ನನ್ನ ಕಾಲಿಗೆ ಹಾಕಿಕೊಡಿ. ಅದೂ ಆಗದಿದ್ದರೆ ಮುಂದಿನ ಬೆಳೆಗೆ ವ್ಯಾನಿನಲ್ಲಿ ಸಾದಲಿಗೇ ಬಂದು, ಪೆಟ್ಟಿಗೊಂದು ಎಲೆಯಂತೆ ನನ್ನ ಹುಳುವಿನ ತಟ್ಟೆಗಳಿಗೆಲ್ಲ ಸೊಪ್ಪು ಹಾಕಿ ಹೋಗಿ. ಕಾಫಿ ಕೊಡುತ್ತೇನೆ.

ನಿನ್ನೆ ಹುಳುಗಳೆಲ್ಲ ಹಣ್ಣಾಗಿ, ಸೊಪ್ಪು ಬಿಟ್ಟು, ಗೂಡು ನೇಯುವ ಬಿದಿರಿನ ಚಂದ್ರಿಕೆ ಏರಿವೆ. ಗೂಡು ಕಟ್ಟುವ ತನಕ ಅವಕ್ಕೆ ನಾನು ಬೇಕಿಲ್ಲ. ಬರುವ ಸೋಮವಾರ ಮೊದಲ ಬಸ್ಸಿಗೆ ನನ್ನ ಹಿಮ್ಮಡಿಯನ್ನು ನಾನೇ ಕರೆದುಕೊಂಡು ಬರುತ್ತಿದ್ದೇನೆ. ದಯವಿಟ್ಟು ಗುರುತು ಹಿಡಿಯಿರಿ.

ಇಂತಿ, ಇನ್ನೂ ನಿಂತೇ ಇರುವ
ತಮ್ಮ ವಿಶ್ವಾಸಿ,
ಶ್ಯಾಮಲಮ್ಮ

ವಿ.ಸೂ.: ನಾನು ಹೊರಡುತ್ತೇನೆಂದು ತಿಳಿದು ಯಜಮಾನರು ಹಾಸಿಗೆಯಿಂದಲೇ, 'ಮಧ್ಯಾಹ್ನ ಮುದ್ದೆ ಯಾರು ಮಾಡಿಕ್ತಾರೆ?' ಎಂದು ಕೇಳಿದರು. 'ಯೋಚನೆ ಮಾಡ್ಬೇಡಿ, ಚಿಕ್ಕಬಳ್ಳಾಪುರದ ಹೋಟ್ಲಲ್ಲಿ ನಿಮ್ಮ ಪರವಾಗಿ ನಾನೇ ಉಂಡ್ಕೊಂಡು ಬರ್ತೀನಿ' ಎಂದು ಹೇಳಿದ್ದೇನೆ.