ನಾಲ್ಕು ಕಿಲೋ ಪೂರ್ವಾಧ್ಯಯನ

ವಿಡಿಯೊ ಗೇಮ್ ಒಂದನ್ನು ಕೊಳ್ಳುವ ಮುನ್ನ ಅದರ ಬಗ್ಗೆ ನಡೆಸತಕ್ಕ ಪೂರ್ವಾಧ್ಯಯನದ ಪ್ರಮಾಣ ನಾಲ್ಕು ಕಿಲೋಗ್ರಾಂ. ಇದು ನಮ್ಮ ತೂಕ ಮತ್ತು ಅಳತೆ ಕಚೇರಿಯ ತೀರ್ಮಾನ. ಈ ಅಂಕಿಯನ್ನು ನಾವು ಗಾಳಿಯಲ್ಲಿ ಹಿಡಿದು ತಂದದ್ದಲ್ಲ. ಹದಿನೇಳು ಸಭೆ, ಎರಡು ಉಪಸಮಿತಿ ಮತ್ತು ಒಂದು ಅಧ್ಯಯನ ಪ್ರವಾಸದ ಫಲ ಅದು. ಸಮಿತಿಯ ಕಾರ್ಯದರ್ಶಿಯಾಗಿ ಹದಿನೇಳೂ ಸಭೆಗಳಲ್ಲಿ ಬಿಸ್ಕತ್ತು ಹಂಚಿದವನು ನಾನೇ ಆದ್ದರಿಂದ, ಹೊರಗಿನವರು ಆಡಿಕೊಳ್ಳುವ ಮಾತಿಗೆ ಸೊಪ್ಪು ಹಾಕದೆ ನಡೆದದ್ದನ್ನು ನಡೆದ ಹಾಗೆ ದಾಖಲಿಸುತ್ತಿದ್ದೇನೆ.

ವಿಷಯ ಶುರುವಾದದ್ದು ಟಪಾಲಕ್ಕನಿಂದ. ಟಪಾಲು ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಒಂದೇ ಕುರ್ಚಿಯಲ್ಲಿ ಕೂತು, ಬರುವ ಕಾಗದಕ್ಕೂ ಹೋಗುವ ಕಾಗದಕ್ಕೂ ನಂಬರು ಹಾಕಿದವರು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಅದಕ್ಕೂ ಮೊದಲೇ ನಮ್ಮ ಮನರಂಜನಾ ಕೊಠಡಿಗೆ ದೊಡ್ಡ ಟಿ.ವಿ.ಯೂ ಗೇಮ್ ಆಡುವ ಯಂತ್ರವೂ ಬಂದಿದ್ದವು. ಗೇಮ್ ಮಾತ್ರ ಬಂದಿರಲಿಲ್ಲ. ಯಂತ್ರವೆಂದರೆ ಆಸ್ತಿ, ಗೇಮ್ ಎಂದರೆ ಅಭಿರುಚಿ. ಅಭಿರುಚಿ ತರಿಸಲು ನಮ್ಮಲ್ಲಿ ನಮೂನೆ ಇಲ್ಲ. ಹೀಗಾಗಿ ಎಂಟು ತಿಂಗಳಿಂದ ಸಿಬ್ಬಂದಿ ಊಟದ ಬಿಡುವಿನಲ್ಲಿ ಯಂತ್ರದ ನೀಲಿ ದೀಪ ನೋಡಿ ಮನರಂಜನೆ ಪಡೆಯುತ್ತಿದ್ದರು.

ಟಪಾಲಕ್ಕ ಒಂದು ಅರ್ಜಿ ಕೊಟ್ಟರು. ‘ಹಿಮದ ಹಳಿ’ ಎಂಬ ಗೇಮ್ ತರಿಸಿಕೊಡಬೇಕಾಗಿ ಕೋರಿಕೆ. ಅದರಲ್ಲಿ ಆಡುವವರು ರೈಲು ಓಡಿಸಬೇಕು. ಕಡಲ ದಂಡೆಯಿಂದ ಹೊರಟು, ಹದಿನಾಲ್ಕು ಸುರಂಗ ದಾಟಿ, ಹಿಮದ ಬೆಟ್ಟದ ತುದಿಯ ನಿಲ್ದಾಣ ತಲುಪಬೇಕು. ಅಷ್ಟೆ. ಯಾರನ್ನೂ ಕೊಲ್ಲುವಂತಿಲ್ಲ.

“ಏನಮ್ಮಾ ಇದು, ಈ ವಯಸ್ಸಲ್ಲಿ?” ಎಂದರು ಸಾಹೇಬರು.

“ಇಷ್ಟು ವರ್ಷ ಊರೂರಿಗೆ ಕಾಗದ ಕಳಿಸಿದೀನಿ ಸಾರ್. ನಾನು ಮಾತ್ರ ಎಲ್ಲಿಗೂ ಹೋಗಿಲ್ಲ. ದಿನಾ ಊಟದ ಬಿಡುವಲ್ಲಿ ಅರ್ಧ ಗಂಟೆ ಓಡಿಸಿದ್ರೂ ರಿಟೈರ್ ಆಗೋದ್ರೊಳಗೆ ಮೇಲಿನ ಸ್ಟೇಷನ್ ಸೇರ್ಕೋತೀನಿ.”

“ಹಾಗಾದ್ರೆ ನೀವೇ ಒಂದು ಕೊಂಡ್ಕೊಂಡು ಬಂದು ಆಡ್ಬಹುದಲ್ಲ?”

ಅಲ್ಲೇ ನಿಂತಿದ್ದ ಸ್ಟೋರ್ ಕೀಪರ್ ಬೆಚ್ಚಿಬಿದ್ದರು. “ಎಲ್ಲಾದ್ರೂ ಉಂಟೇ ಸಾರ್! ಸರ್ಕಾರಿ ಯಂತ್ರದೊಳಗೆ ಖಾಸಗಿ ವಸ್ತು ತೂರಿಸಿದ್ರೆ ಅದು ಒತ್ತುವರಿ.”

ಕಚೇರಿಯೇ ಕೊಳ್ಳಬೇಕೆಂದಾಯಿತು. ಕೊಳ್ಳುವ ಮುಂಚೆ ವಿಚಾರಿಸಬೇಕು. ಎಷ್ಟು ವಿಚಾರಿಸಬೇಕು? ಸಾಹೇಬರು ನನ್ನ ಮುಖ ನೋಡಿದರು, ನಾನು ಸ್ಟೋರ್ ಕೀಪರ್ ಮುಖ ನೋಡಿದೆ, ಅವರು ಯಂತ್ರದ ನೀಲಿ ದೀಪ ನೋಡಿದರು. ಸಂಜೆಯೊಳಗೆ ‘ಪೂರ್ವಾಧ್ಯಯನ ಪ್ರಮಾಣ ನಿರ್ಣಯ ಸಮಿತಿ’ ರಚನೆಯಾಯಿತು. ನಿಷ್ಪಕ್ಷಪಾತದ ದೃಷ್ಟಿಯಿಂದ, ಜನ್ಮದಲ್ಲಿ ಒಂದು ಗೇಮನ್ನೂ ಆಡದವರೇ ಸದಸ್ಯರಾಗತಕ್ಕದ್ದೆಂದು ವಿಧಿಸಲಾಯಿತು. ಹಳೆಯ ಫೋನಿನಲ್ಲಿ ಹಾವಿನ ಆಟ ಆಡಿದ್ದೆನೆಂದು ಲೆಕ್ಕಿಗರು ಎರಡನೇ ಸಭೆಯಲ್ಲಿ ಒಪ್ಪಿಕೊಂಡು, ತಮ್ಮ ಪಾಲಿನ ಬಿಸ್ಕತ್ತು ಜೇಬಿಗಿಳಿಸಿ, ಗದ್ಗದಿತರಾಗಿ ರಾಜೀನಾಮೆ ಕೊಟ್ಟರು.

ಟ್ರೇಲರ್ ನೋಡಿದರೆ ಸಾಕೆಂದು ಕೆಲವರ ವಾದ. ಸಾಹೇಬರು ತಲೆಯಾಡಿಸಿದರು. “ನನ್ನ ಮಗಳಿಗೆ ಹುಡುಗನ್ನ ನೋಡುವಾಗ ಎರಡೇ ಎರಡು ಫೋನ್ ಮಾಡಿ ವಿಚಾರಿಸಿದ್ದೆ. ಅಳಿಯ ಈಗ ನಮ್ಮನೇಲೇ ಇದಾರೆ. ಸೋಫಾ ಬಿಟ್ಟು ಏಳಲ್ಲ. ಪ್ರಮಾಣ ಸ್ವಲ್ಪ ಜಾಸ್ತೀನೇ ಇರ್ಲಿ.”

ಹೊತ್ತಿನ ಲೆಕ್ಕದಲ್ಲಿ ಅಳೆಯೋಣವೆಂದರೆ, ನಮ್ಮ ಕಚೇರಿಯಲ್ಲಿ ಒಂದು ಹಾಳೆ ಓದಲು ಅರ್ಧ ದಿನ ತೆಗೆದುಕೊಳ್ಳುವವರಿದ್ದಾರೆ. ಪುಟದ ಲೆಕ್ಕವೆಂದರೆ ಅಕ್ಷರದ ಗಾತ್ರದ ತಕರಾರು. ನಾವು ತೂಕದ ಇಲಾಖೆ. ತೂಗುವುದಕ್ಕಿಂತ ನಂಬಿಕಸ್ಥ ದಾರಿ ಯಾವುದಿದೆ? ಗೇಮ್ ಬಗ್ಗೆ ಜನ ಬರೆದ ವಿಮರ್ಶೆಗಳನ್ನೆಲ್ಲ ಮುದ್ರಿಸಿ ತೂಗುವುದೆಂದು ಒಮ್ಮತ ಮೂಡಿತು. ಎಷ್ಟು ಕಿಲೋ ಎಂಬುದೂ ಬೇಗ ಇತ್ಯರ್ಥವಾಯಿತು. ಐದು ಕಿಲೋದ ಪ್ರಮಾಣಿತ ತೂಕದ ಬಟ್ಟು ಸಾಹೇಬರ ಬಾಗಿಲಿಗೆ ಆನಿಸಿತ್ತು. ತೆಗೆದರೆ ಬಾಗಿಲು ಮುಚ್ಚುತ್ತದೆ, ಮುಚ್ಚಿದರೆ ತೆರೆಯುವುದಿಲ್ಲ. ಬೀರುವಿನಲ್ಲಿ ಉಳಿದದ್ದು ಎರಡು ಕಿಲೋದ ಎರಡು ಬಟ್ಟು.

ಅಧ್ಯಯನ ಪ್ರವಾಸಕ್ಕಾಗಿ ಸಮಿತಿ ಕಡಲ ತೀರದ ಪಟ್ಟಣವೊಂದಕ್ಕೆ ಮೂರು ದಿನ ಹೋಗಿಬಂತು. ಅಲ್ಲಿನ ಗೇಮ್ ಅಂಗಡಿ ಮುಚ್ಚಿತ್ತು, ಆದ್ದರಿಂದ ಶಟರಿನ ಉದ್ದಗಲ ಅಳೆದುಕೊಂಡೆವು. ಕಡಲನ್ನು ಕೂಲಂಕಷವಾಗಿ ಪರಿಶೀಲಿಸಿದೆವು. ಗೇಮಿನ ರೈಲು ಕಡಲ ದಂಡೆಯಿಂದಲೇ ಹೊರಡುವುದರಿಂದ ಇದು ವಿಷಯಕ್ಕೆ ಸಂಬಂಧಪಟ್ಟದ್ದೇ. ಸ್ಟೋರ್ ಕೀಪರ್ ಸೊಂಟದವರೆಗೆ ಇಳಿದು ಪರಿಶೀಲಿಸಿದರು.

ಹಿಂತಿರುಗಿದ ಮೇಲೆ ಸುತ್ತೋಲೆ ಹೊರಟಿತು:

“ಹೊಗಳಿಕೆಯ ವಿಮರ್ಶೆಗಳನ್ನು ತಕ್ಕಡಿಯ ಎಡ ತಟ್ಟೆಯಲ್ಲಿಯೂ ತೆಗಳಿಕೆಯವನ್ನು ಬಲ ತಟ್ಟೆಯಲ್ಲಿಯೂ ಇಡತಕ್ಕದ್ದು. ಒಟ್ಟು ನಾಲ್ಕು ಕಿಲೋ ತುಂಬಿದ ದಿನ ಎಡ ತಟ್ಟೆ ಇಳಿದಿದ್ದರೆ ಗೇಮ್ ಕೊಳ್ಳುವುದು, ಬಲ ತಟ್ಟೆ ಇಳಿದಿದ್ದರೆ ಬಿಡುವುದು. ‘ಸೂಪರ್’ ಎಂಬ ಒಂದು ಪದದ ವಿಮರ್ಶೆಗೂ ಒಂದು ಪೂರ್ತಿ ಹಾಳೆ ಸಲ್ಲುತ್ತದೆ. ಥಂಡಿ ಹಿಡಿದ ಹಾಳೆಗಳನ್ನು ಬಿಸಿಲಿಗೆ ಒಣಗಿಸಿಯೇ ತೂಗತಕ್ಕದ್ದು. ತೂಗುವಾಗ ಫ್ಯಾನು ಹಾಕಬಾರದು, ಸೀನಬಾರದು.”

ಮುದ್ರಣದ ಕೆಲಸ ಸ್ಟೋರ್ ಕೀಪರ್ ಅವರ ಭಾವಮೈದನ ಅಂಗಡಿಗೆ ಹೋಯಿತು. ಆತ ಹಾಳೆಗೆ ಇಷ್ಟೆಂದು ಬಿಲ್ಲು ಮಾಡುವವನು. ಆದ್ದರಿಂದ ಊರಲ್ಲೇ ಅತಿ ತೆಳುವಾದ ಕಾಗದ ಹುಡುಕಿ ತಂದ. ಊದಿದರೆ ಹಾರುವ ಕಾಗದ. ನಾಲ್ಕು ಕಿಲೋ ಆಗಲು ಎಷ್ಟು ಹಾಳೆ ಬೇಕು, ಎಷ್ಟು ತಿಂಗಳು ಬೇಕು ಎಂಬುದನ್ನು ಆಮೇಲೆ ಲೆಕ್ಕ ಹಾಕಿ ಸಮಿತಿ ತೃಪ್ತಿ ವ್ಯಕ್ತಪಡಿಸಿತು.

ಕಚೇರಿಗೆ ಬರುವ ಪ್ರತಿ ಕಾಗದವೂ ಟಪಾಲಿನ ಮೂಲಕವೇ ಬರಬೇಕಲ್ಲವೇ? ವಿಮರ್ಶೆಗಳೂ ಹಾಗೇ ಬಂದವು. ಟಪಾಲಕ್ಕ ಒಂದೊಂದನ್ನೂ ಓದಿ, ನಂಬರು ಹಾಕಿ, ‘ವಿಷಯ’ ಎಂಬ ಕಾಲಮ್ಮಿನಲ್ಲಿ ಸಾರಾಂಶ ಬರೆದರು. ಮೂರನೇ ಸುರಂಗದಲ್ಲಿ ದೀಪ ಆರುತ್ತದೆ, ಹೆದರಬೇಡಿ. ಸೇತುವೆಯ ತಿರುವಿನಲ್ಲಿ ಬ್ರೇಕನ್ನು ಎರಡು ಸಲ ಮೆಲ್ಲಗೆ ಒತ್ತಿ. ಒಂಬತ್ತನೇ ನಿಲ್ದಾಣದಲ್ಲಿ ಕೆಂಪು ಟೋಪಿಯ ಮುದುಕನೊಬ್ಬ ಕೈ ಬೀಸುತ್ತಾನೆ, ಸೀಟಿ ಹಾಕಿದರೆ ಕುಣಿಯುತ್ತಾನೆ. ಇದನ್ನು ಬರೆದುಕೊಂಡ ದಿನ ಟಪಾಲಕ್ಕ ಒಬ್ಬರೇ ನಗುತ್ತಿದ್ದರು.

ಸಂಜೆ ಹೋಗುವಾಗ ನನ್ನ ಮೇಜಿನ ಹತ್ತಿರ ನಿಲ್ಲುತ್ತಿದ್ದರು. “ಎಷ್ಟಾಯ್ತಪ್ಪಾ?”

“ಒಂದು ಕಿಲೋ ಏಳ್ನೂರು, ಅಕ್ಕಾ.”

“ನಂಗಿನ್ನು ಆರೇ ತಿಂಗಳು.”

ನನಗೆ ಕರುಳು ಚುರುಕ್ ಎನ್ನುತ್ತಿತ್ತು. ಆದರೆ ಸುತ್ತೋಲೆಯಲ್ಲಿ ಕರುಳಿಗೆ ಕಲಮು ಇರಲಿಲ್ಲ.

ಕೊನೆಗೂ ನಾಲ್ಕು ಕಿಲೋ ತುಂಬಿತು. ಟಪಾಲಕ್ಕನ ನಿವೃತ್ತಿಗೆ ಆಗ ಎರಡು ತಿಂಗಳಿತ್ತು. ತಕ್ಕಡಿಯ ಸುತ್ತ ಇಡೀ ಕಚೇರಿ ಉಸಿರು ಬಿಗಿಹಿಡಿದು ನಿಂತಿತು. ಎಡ ತಟ್ಟೆ ಕೂದಲೆಳೆಯಷ್ಟು ಇಳಿಯಿತು. ಟಪಾಲಕ್ಕ ಕೈ ಮುಗಿದರು. ಅಷ್ಟರಲ್ಲಿ ಸ್ಟೋರ್ ಕೀಪರ್ ಹೊಗಳಿಕೆಯ ಕಟ್ಟಿನ ನಡುವಿನಿಂದ ಒಂದು ಹಾಳೆ ಎಳೆದರು. ಟಪಾಲಕ್ಕನದೇ ಕೈಬರಹ: “ತುಂಬಾ ಚೆನ್ನಾಗಿದೆ. ದಯವಿಟ್ಟು ಕೊಳ್ಳಿರಿ.”

“ನೀವು ಆಡಿಲ್ವಲ್ಲಮ್ಮಾ! ಆಡದೇ ಇರೋರ ಅಭಿಪ್ರಾಯ ಹೇಗೆ ತಗೊಳೋಕಾಗುತ್ತೆ?” ಎಂದರು ಸಾಹೇಬರು. ಜನ್ಮದಲ್ಲಿ ಒಂದು ಗೇಮನ್ನೂ ಆಡದ ಸಮಿತಿ ಇದನ್ನು ಸರ್ವಾನುಮತದಿಂದ ಅನುಮೋದಿಸಿತು. ಹಾಳೆ ತೆಗೆದದ್ದೇ ತಡ, ತಕ್ಕಡಿಯ ಮುಳ್ಳು ನಟ್ಟ ನಡುವೆ ಬಂದು ನಿಂತಿತು. ಎಡ ಎರಡು ಕಿಲೋ, ಬಲ ಎರಡು ಕಿಲೋ. ಇಷ್ಟು ಕರಾರುವಾಕ್ಕಾದ ಸಮತೂಕವನ್ನು ನಮ್ಮ ಇಲಾಖೆ ಈವರೆಗೆ ಕಂಡದ್ದಿಲ್ಲ. ಚಪ್ಪಾಳೆ ಬಿತ್ತು. ಮುಳ್ಳು ಅಲುಗೀತೆಂದು ಚಪ್ಪಾಳೆಯನ್ನು ಅರ್ಧಕ್ಕೇ ನಿಲ್ಲಿಸಲಾಯಿತು.

ಸಮವಾದರೆ ಕೊಳ್ಳಬೇಕೋ ಬಿಡಬೇಕೋ ಎಂಬುದು ಸುತ್ತೋಲೆಯಲ್ಲಿ ಇರಲಿಲ್ಲ. ಮೇಲ್ಕಚೇರಿಗೆ ಬರೆದೆವು. ಏಳು ವಾರಕ್ಕೆ, ಟಪಾಲಕ್ಕನ ನಿವೃತ್ತಿಗೆ ಒಂಬತ್ತು ದಿನವಿದ್ದಾಗ, ಉತ್ತರ ಬಂತು. ಸಾಹೇಬರು ಎದ್ದು ನಿಂತು ಓದಿದರು:

“ತಿಳಿಯದ ವಸ್ತುವನ್ನು ಕೊಳ್ಳುವುದು ನಿರ್ಲಕ್ಷ್ಯ. ಪೂರ್ತಿ ತಿಳಿದ ವಸ್ತುವನ್ನು ಕೊಳ್ಳುವುದು ದುಂದುವೆಚ್ಚ. ತಮ್ಮ ಕಚೇರಿಯ ಪೂರ್ವಾಧ್ಯಯನವು ಪರಿಪೂರ್ಣವಾಗಿರುವುದರಿಂದ ಸದರಿ ಗೇಮಿನಲ್ಲಿ ತಿಳಿಯಲು ಏನೂ ಉಳಿದಿರುವುದಿಲ್ಲ. ಆದುದರಿಂದ ಖರೀದಿಯನ್ನು ಕೈಬಿಟ್ಟು, ಎಲ್ಲ ವಿಮರ್ಶೆಗಳನ್ನು ಓದಿರುವ ಟಪಾಲು ಸಿಬ್ಬಂದಿಯು ಸದರಿ ಗೇಮನ್ನು ಆಡಿರುವುದಾಗಿಯೂ ಹಿಮದ ಬೆಟ್ಟವನ್ನು ತಲುಪಿರುವುದಾಗಿಯೂ ಭಾವಿಸತಕ್ಕದ್ದು.”

ಟಪಾಲಕ್ಕ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡರು. ಆನಂದಕ್ಕೆ ಎಂದು ನಾನು ನಡಾವಳಿಯಲ್ಲಿ ಬರೆದೆ. ಬರೆಯುವಾಗ ನನಗೇ ನಾಚಿಕೆಯಾಯಿತು, ಆದರೂ ಬರೆದೆ.

“ಅಭಿನಂದನೆ ಅಮ್ಮಾ,” ಎಂದರು ಸಾಹೇಬರು. “ಹೇಗಿತ್ತು ಪ್ರಯಾಣ?”

ಟಪಾಲಕ್ಕ ಸೆರಗನ್ನು ಹೆಗಲ ಸುತ್ತ ಎಳೆದುಕೊಂಡರು. “ಚೆನ್ನಾಗಿತ್ತು ಸಾರ್. ಹನ್ನೆರಡನೇ ಸುರಂಗ ದಾಟಿದ ಮೇಲೆ ಚಳಿ ಜಾಸ್ತಿ.”

ಸ್ಟೋರ್ ಕೀಪರ್ ಗಂಟಲು ಸರಿಮಾಡಿಕೊಂಡರು. “ಸಾರ್, ಒಂದು ತೊಡಕಿದೆ. ಹೋಗಿದಾರೆ ಅಂದ್ಮೇಲೆ ಆಫೀಸ್ ಟೈಮಲ್ಲೇ ಹೋಗಿದಾರೆ. ರಜಾ ಅರ್ಜಿ ಇಲ್ಲ. ವಿಮರ್ಶೆಗಳ ಪ್ರಕಾರ ಹೋಗೋಕೆ ಮೂರು ದಿನ, ಬರೋಕೆ ಮೂರು ದಿನ. ಒಟ್ಟು ಆರು ದಿನದ ಸಂಬಳ ಹಿಡೀಬೇಕಾಗುತ್ತೆ.”

ನಿಯಮ ನಿಯಮವೇ. ಸಾಹೇಬರು ಟಪಾಲಕ್ಕನತ್ತ ತಿರುಗಿದರು.

“ಮೂರೇ ದಿನ ಹಿಡೀರಿ ಸಾರ್,” ಎಂದರು ಟಪಾಲಕ್ಕ. “ನಾನಿನ್ನೂ ವಾಪಸ್ ಬಂದಿಲ್ಲ.”

ಸಭೆ ಕಡತ ತಿರುವಿ ನೋಡಿತು. ತಲುಪಿರುವುದಾಗಿ ಭಾವಿಸಬೇಕೆಂದು ಆದೇಶದಲ್ಲಿತ್ತು. ಹಿಂತಿರುಗಿರುವುದಾಗಿ ಎಲ್ಲೂ ಇರಲಿಲ್ಲ. ಸ್ಟೋರ್ ಕೀಪರ್ ಆದೇಶವನ್ನು ಬೆಳಕಿಗೆ ಹಿಡಿದೂ ನೋಡಿದರು. ಮೂರು ದಿನದ ಕಡಿತಕ್ಕೆ ಒಪ್ಪಿಗೆಯಾಯಿತು. ಟಪಾಲಕ್ಕ ಚೀಲ ಹೆಗಲಿಗೇರಿಸಿ ಬೆಳಿಗ್ಗೆ ಹನ್ನೊಂದೂವರೆಗೇ ಗೇಟು ದಾಟಿ ನಡೆದರು. ಊರಲ್ಲೇ ಇಲ್ಲದವರನ್ನು ಗೇಟಿನಲ್ಲಿ ತಡೆಯುವ ಅಧಿಕಾರ ಕಾವಲುಗಾರನಿಗೆ ಇರಲಿಲ್ಲ.

ಮರುದಿನ ಅವರ ಕುರ್ಚಿ ಖಾಲಿ. ಅದರ ಮರುದಿನವೂ ಖಾಲಿ. ರೈಲು ನಿಲ್ದಾಣದೆದುರು ಬಸ್ಸಿಗೆ ಕಾಯುತ್ತಿದ್ದ ಲೆಕ್ಕಿಗರು ಅವರನ್ನು ಒಳಗಿನ ಟಿಕೆಟ್ ಸಾಲಿನಲ್ಲಿ ಕಂಡರಂತೆ. ಲೆಕ್ಕಿಗರು ಹಾವಿನ ಆಟ ಆಡಿದವರಾದ್ದರಿಂದ ಅವರ ಸಾಕ್ಷ್ಯವನ್ನು ಸಮಿತಿ ಪರಿಗಣಿಸಲಿಲ್ಲ. ನಾನು ಹಾಜರಿ ಪುಸ್ತಕದಲ್ಲಿ ಒಂಬತ್ತೂ ದಿನ ‘ಮಾರ್ಗಮಧ್ಯೆ’ ಎಂದು ತುಂಬಿದೆ. ಯಾರೂ ಆಕ್ಷೇಪಣೆ ಎತ್ತಲಿಲ್ಲ. ಹಿಮ ಬಿದ್ದಾಗ ರೈಲು ತಡವಾಗುವುದು ಸಹಜವೆಂದು ಸಾಹೇಬರು ಅಂಚಿನಲ್ಲಿ ಷರಾ ಬರೆದು ಸಹಿ ಮಾಡಿದರು.