ಅಣ್ಣ ಬಂದರೆ ಆರುವ ಕಂಪ್ಯೂಟರು

ನಮ್ಮ ಕಾಕಾ ಯಾರನ್ನೂ ಮುಖ ನೋಡಿ ಮಾತಾಡಿಸಿದವನಲ್ಲ. ನಾಚಿಕೆಯ ಮನುಷ್ಯ ಅಂದುಕೊಂಡಿರಾ? ಛೇ! ಅವನ ದೃಷ್ಟಿ ನೇರ ಕಾಲಿಗೆ ಹೋಗುತ್ತಿತ್ತು. ಮನೆಗೆ ಯಾರೇ ಬರಲಿ, ಮೊದಲು ಮೀನಖಂಡದ ಅಂದಾಜು, ಆಮೇಲೆ ಕ್ಷೇಮಸಮಾಚಾರ. ಮಗಳನ್ನು ನೋಡಲು ಬಂದ ವರನಿಗೂ ಇದೇ ಪರೀಕ್ಷೆಯಾಗಿ, ಆ ಹುಡುಗ ಉಪ್ಪಿಟ್ಟು ತಿಂದು ಮುಗಿಸುವವರೆಗೂ ಪ್ಯಾಂಟು ಕೆಳಕ್ಕೆ ಜಗ್ಗಿಕೊಳ್ಳುತ್ತಲೇ ಇದ್ದ.

ಕಾಕಾನ ಪ್ರಕಾರ ಬ್ಯಾಡಗಿಯಲ್ಲಿ ಕರೆಂಟಿನ ಕೊರತೆ ಎಂಬುದೇ ಇರಲಿಲ್ಲ. ಇದ್ದದ್ದು ಸುಮ್ಮನೆ ಕೂತ ಕಾಲುಗಳ ಸಮಸ್ಯೆ.

"ನೋಡೋ, ಕಟ್ಟಿ ಮ್ಯಾಲೆ ಎಷ್ಟು ಮಂದಿ ಕಾಲು ಇಳಿಬಿಟ್ಟು ಕುಂತಾರ! ಇವನ್ನೆಲ್ಲಾ ಒಂದಕ್ಕೊಂದು ಜೋಡಿಸಿದ್ರ ಹಾವೇರಿ ತನಕ ದೀಪ ಹಚ್ಚಬಹುದು!"

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮೆಣಸಿನಕಾಯಿ ಗೋದಾಮಿಗೆ ಹೊಂದಿಕೊಂಡ ಒಂದು ಖೋಲಿಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ. ಸುಗ್ಗಿಯಲ್ಲಿ ಘಾಟು ಏರಿತೆಂದರೆ ಹುಡುಗರು ಸೀನಿದ ರಭಸಕ್ಕೆ ಬೆರಳು ಪಕ್ಕದ ಅಕ್ಷರಕ್ಕೆ ಹಾರುತ್ತಿತ್ತು. "ಇಲ್ಲಿ ಸೀನಿಕೋತ ಕಲತಾಂವ ಎಲ್ಲಿ ಹೋದ್ರೂ ಪಾಸ್" ಎಂಬುದು ಅವನ ಜಾಹೀರಾತು. ಓದಲಿಕ್ಕೆಂದು ನಾನು ಆ ದಿನಗಳಲ್ಲಿ ಅವನ ಮನೆಯಲ್ಲೇ ಇದ್ದೆ. ಹಾಗಾಗಿ ಅವನ ಪ್ರಯೋಗಗಳೆಲ್ಲ ನಡೆದದ್ದು ನನ್ನ ಕಣ್ಣೆದುರಿಗೆ, ಬಹುಪಾಲು ನನ್ನ ಕಾಲಿನಿಂದಲೇ!

ಮೊದಲ ಬಲಿ ಅವನ ಹೆಂಡತಿ, ನಮ್ಮ ಕಾಕೂನ ಹೊಲಿಗೆ ಯಂತ್ರ. ಅದರ ಗಾಲಿಗೆ ಸೈಕಲ್ ಡೈನಮೊ ಕಟ್ಟಿ, ಅದರಿಂದ ರೇಡಿಯೋಕ್ಕೆ ತಂತಿ ಎಳೆದ. ಕಾಕು ತುಳಿದರೆ ಹೊಲಿಗೆಯೂ ಆಯಿತು, ವಾರ್ತೆಯೂ ಆಯಿತು. ಆದರೆ ಹೊಲಿಗೆ ಎಂದಮೇಲೆ ದಾರ ಕಡಿಯಬೇಕು, ಬಟ್ಟೆ ತಿರುಗಿಸಬೇಕು. "ಪ್ರಧಾನ ಮಂತ್ರಿಯವರು ಇಂದು ಬೆಳಿಗ್ಗೆ" ಎನ್ನುವಷ್ಟರಲ್ಲಿ ತೋಳು ಮುಗಿಯುತ್ತಿತ್ತು. ಅವರು ಏನು ಮಾಡಿದರೋ ಯಾರಿಗೆ ಗೊತ್ತು? ಕಾಕು ಸೂಜಿಗೆ ದಾರ ಪೋಣಿಸಿ ಮತ್ತೆ ತುಳಿಯುವಾಗ ಅವರ ಜಾಗದಲ್ಲಿ ಹತ್ತಿಯ ಧಾರಣೆ ಬಂದಿರುತ್ತಿತ್ತು. ಜಂಪರಿನ ದಿನ ನಮಗೆ ಅರ್ಧಮರ್ಧ ದೇಶ. ದಿಂಬಿನ ಚೀಲ ಹೊಲಿಯುವ ದಿನ ಮಾತ್ರ ಹವಾಮಾನದವರೆಗೂ ಪೂರ್ತಿ ವಾರ್ತೆ! "ಸುದ್ದಿ ಕೇಳಾಕ ಎಷ್ಟಂತ ದಿಂಬು ಹೊಲೀಲ್ರಿ? ಮನ್ಯಾಗ ತಲಿ ಇರೂದ ನಾಕು" ಎಂದು ಕಾಕು ಒಂದು ದಿನ ತಂತಿಯನ್ನೇ ಕಿತ್ತು ಕೈಗೆ ಕೊಟ್ಟಳು.

ಆಮೇಲೆ ಟೀವಿ ಬಂತು. ಭಾನುವಾರ ಬೆಳಿಗ್ಗೆ ಪುರಾಣದ ಧಾರಾವಾಹಿ ಶುರುವಾಗುವುದಕ್ಕೂ ಕರೆಂಟು ಹೋಗುವುದಕ್ಕೂ ಏನೋ ಒಳಒಪ್ಪಂದವಿತ್ತು. ಕಾಕಾ ಹಳೇ ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ಭದ್ರ ಮಾಡಿ, ಟ್ರ್ಯಾಕ್ಟರಿನ ಡೈನಮೊ ಜೋಡಿಸಿ, ಓಣಿಯವರಿಗೆಲ್ಲ ಪಾಳಿ ಹಚ್ಚಿದ. ತೊಂದರೆ ಕಾಲಿನದಲ್ಲ, ಮನಸ್ಸಿನದು. ತಾಯಿ ಮಗ ಅಗಲುವ ದೃಶ್ಯ ಬಂದರೆ ತುಳಿಯುವವನು ಕಣ್ಣೊರೆಸಿಕೊಳ್ಳುತ್ತ ಪೆಡಲು ಮರೆಯುತ್ತಿದ್ದ. ತಾಯಿಯೂ ಇಲ್ಲ, ಮಗನೂ ಇಲ್ಲ! ಕೊನೆಗೆ ಓಣಿಯ ಹಿರಿಯರು ಸಭೆ ಸೇರಿ, ಕರುಳಿಲ್ಲದವನನ್ನೇ ಕೂರಿಸಬೇಕೆಂದು ಠರಾವು ಮಾಡಿ, ಅಡತಿ ಅಂಗಡಿಯಲ್ಲಿ ತೂಕ ಮಾಡುವವನನ್ನು ಅವಿರೋಧವಾಗಿ ಆರಿಸಿದರು. ಅವನು ಯಾರು ಸತ್ತರೂ ತುಳಿಯುತ್ತಿದ್ದ.

ಇಷ್ಟೆಲ್ಲ ನಗೆಯ ನಡುವೆ ನಗದವನು ಒಬ್ಬನೇ, ನನ್ನ ಅಪ್ಪ. ಮೋಟೆಬೆನ್ನೂರಿನಲ್ಲಿ ಮಾಸ್ತರು. ಅಜ್ಜ ಬೇಗ ಹೋದದ್ದರಿಂದ ಈ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅಪ್ಪನೇ. ತಮ್ಮ ತನ್ನಂತೆ ಮಾಸ್ತರನಾಗಲಿ ಎಂದು ಬಯಸಿದರೆ, ಅವನು ಕಾಲೇಜು ಬಿಟ್ಟು ಸ್ಕ್ರೂ ಡ್ರೈವರು ಹಿಡಿದ. "ಅಂವಾ ಹಿಡದದ್ದು ಒಂದೂ ಕಡೀತನಕ ಮುಟ್ಟಸಂಗಿಲ್ಲ." ಅಪ್ಪ ಆಡುತ್ತಿದ್ದದ್ದು ಅಷ್ಟೇ ಮಾತು. ಊರೆಲ್ಲ ಹುಚ್ಚ ಎಂದರೂ ನಕ್ಕುಬಿಡುವ ಕಾಕಾ ಇದೊಂದು ಮಾತಿಗೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದ.

ತೊಂಬತ್ತರ ದಶಕದಲ್ಲಿ ಊರೂರಿಗೂ ಕಂಪ್ಯೂಟರ್ ಕ್ಲಾಸುಗಳು ಬಂದವು. ಟೈಪಿಂಗ್ ಕಲಿಯುವವರು ಕರಗತೊಡಗಿದರು. ಕಾಕಾ ರಾಣೇಬೆನ್ನೂರಿಗೆ ಹೋಗಿ ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ಒಂದನ್ನು ತಂದ. ಬಸ್ಸಿನಲ್ಲಿ ಅದನ್ನು ಕಿಟಕಿಯ ಪಕ್ಕ ಕೂರಿಸಿ ತಾನು ನಿಂತುಕೊಂಡು ಬಂದ! ಡೈನಮೊ, ಹಳೇ ಬ್ಯಾಟರಿ, ಇನ್ನೂ ಏನೇನೋ ಪೆಟ್ಟಿಗೆಗಳನ್ನು ಸೇರಿಸಿ, ತಿಂಗಳುಗಟ್ಟಲೆ ಒದ್ದಾಡಿ, ಒಂದು ಸಂಜೆ ಕರೆಂಟು ಹೋದ ಹೊತ್ತಿನಲ್ಲಿ ಸೈಕಲ್ಲು ತುಳಿದ. ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿಯೇಬಿಟ್ಟವು! ಬ್ಯಾಟರಿ ಮುದಿಯಾಗಿತ್ತು, ತುಳಿಯುವುದು ನಿಂತರೆ ಪರದೆ ಆರುತ್ತಿತ್ತು. ಆದರೇನಂತೆ? ಕರೆಂಟು ಹೋದಾಗ ಇಡೀ ಜಿಲ್ಲೆಯಲ್ಲಿ ಉಸಿರಾಡುವ ಕಂಪ್ಯೂಟರು ತನ್ನದೊಂದೇ ಎಂದು ಅವನು ಎದೆ ಉಬ್ಬಿಸಿದ.

"ಐರಣಿ, ಗುತ್ತಲ, ಎಲ್ಲಾ ಊರ ಸಾಲಿಗೂ ಒಂದೊಂದು ಇಡಬಹುದೋ. ಆದ್ರ ಅದು ಆಮ್ಯಾಲೆ. ಮೊದಲ ಅಣ್ಣ ನೋಡ್ಬೇಕು. ನೋಡಿ 'ಶಾಣ್ಯಾ ಅದಿಯೋ' ಅಂದ್ರ ಸಾಕು ನನಗ."

ಸಂತೆಯ ದಿನ ಅಪ್ಪ ಬರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಅದೊಂದೇ ಸಲ ಕರೆಂಟಿನವರಿಗೆ ಕಾಕಾ ಮನಸಾರೆ ಕೈಮುಗಿದದ್ದು! ಪರದೆಯ ತುಂಬ ಅಪ್ಪನ ಹೆಸರನ್ನೇ ಟೈಪು ಮಾಡಿಟ್ಟು, ಬೆವರಿಳಿಸಿ ತುಳಿಯುತ್ತಿದ್ದ. ಅಪ್ಪ ಹೊಸ್ತಿಲ ಮೇಲೆ ಕಾಲಿಟ್ಟ. ಕಾಕಾ ಥಟ್ಟನೆ ಸೈಕಲ್ಲಿನಿಂದ ಇಳಿದು ಕೈಕಟ್ಟಿ ನಿಂತ. ಪರದೆ ಕಪ್ಪಾಯಿತು.

ನಮ್ಮ ಕಡೆ ಸೈಕಲ್ ಮೇಲೆ ಹೋಗುವಾಗ ಹಿರಿಯರು ಎದುರಾದರೆ ಇಳಿಯಬೇಕು. ಅವರು ದಾಟಿ ಹೋದಮೇಲೆ ಏರಬೇಕು. ಯಾರೂ ಹೇಳಿಕೊಡುವುದಿಲ್ಲ, ಕಾಲಿಗೇ ಗೊತ್ತಿರುತ್ತದೆ. ಅದರಲ್ಲೂ ಕಾಕಾ ಹುಟ್ಟಿದಾಗಿನಿಂದ ಅಣ್ಣನೆದುರು ಸೈಕಲ್ ಹತ್ತಿದವನಲ್ಲ. ಈ ಸೈಕಲ್ಲು ಎಲ್ಲಿಗೂ ಹೋಗುವುದಿಲ್ಲ ಎಂದು ತಲೆಗೆ ತಿಳಿದಿತ್ತು, ಕಾಲಿಗೆ ತಿಳಿಸುವವರು ಯಾರು?

ಅಪ್ಪ ಕಪ್ಪು ಪರದೆಯನ್ನು ಒಂದಿಷ್ಟು ಹೊತ್ತು ನೋಡಿದ. "ಛಲೋ ಐತಿ. ಅದು ಹತ್ತಿದಾಗ ಹೇಳಿ ಕಳಸು" ಎಂದು ಸಂತೆಗೆ ನಡೆದ.

ಮುಂದಿನ ಸಂತೆಗೆ ಕ್ಲಾಸಿನ ಹುಡುಗನೊಬ್ಬನನ್ನು ಕೂರಿಸಿದ್ದಾಯಿತು. ಆದರೆ ಅಲ್ಲಿ ಕಲಿಯುತ್ತಿದ್ದವರೆಲ್ಲ ಮೋಟೆಬೆನ್ನೂರಿನ ಕಡೆಯಿಂದ ಬರುವವರು, ಒಂದಲ್ಲ ಒಂದು ಕಾಲದಲ್ಲಿ ಅಪ್ಪನಿಂದ ಕಿವಿ ಹಿಂಡಿಸಿಕೊಂಡವರೇ! ಅಪ್ಪನ ಚಪ್ಪಲಿಯ ಸಪ್ಪಳ ಕೇಳುತ್ತಲೇ ಅವನು ಹಾರಿ ನಿಂತು "ನಮಸ್ಕಾರ್ರಿ ಸರ್" ಅಂದ. ಮತ್ತೆ ಕತ್ತಲೆ.

ಕಾಕಾ ಸೋಲುವ ಮನುಷ್ಯನೇ? ಅಪ್ಪನ ಗುರುತೇ ಇಲ್ಲದ, ಗುತ್ತಲದಿಂದ ಗಾಡಿ ಹೊಡೆದುಕೊಂಡು ಬಂದಿದ್ದ ಗಟ್ಟಿ ಆಳನ್ನು ಹುಡುಕಿ ತಂದ. "ಏನಾದ್ರೂ ಇಳೀಬ್ಯಾಡಪಾ, ಭೂಮಿ ಬಾಯಿ ತೆರದ್ರೂ ಇಳೀಬ್ಯಾಡ" ಎಂದು ಮತ್ತೆ ಮತ್ತೆ ಹೇಳಿದ. ಅಪ್ಪ ಬಂದ. ಆ ಮನುಷ್ಯ ಕಲ್ಲಿನಂತೆ ಕೂತು ತುಳಿಯುತ್ತಲೇ ಇದ್ದ. ಪರದೆ ಝಗಝಗಿಸುತ್ತಿತ್ತು. ಅಪ್ಪ ಇನ್ನೇನು ಒಳಗೆ ಬಂದು ತಿರುಗಿ ನೋಡಬೇಕು, ಅಷ್ಟರಲ್ಲಿ ಕಾಕಾನಿಗೇ ತಡೆಯಲಾಗಲಿಲ್ಲ.

"ಏ! ಹಿರ್ಯಾರು ಬಂದಾರ, ಕಣ್ಣಿಗೆ ಕಾಣಂಗಿಲ್ಲೇನು? ಇಳಿಯೋ ಕೆಳಗ!"

ಎಂದವನೇ ಅವನ ರಟ್ಟೆ ಹಿಡಿದು ಇಳಿಸಿಯೇಬಿಟ್ಟ! ಆಮೇಲೆ ತನ್ನ ಕೈಯನ್ನು ತಾನೇ ನೋಡಿಕೊಳ್ಳುತ್ತ ನಿಂತ. ಅಪ್ಪ ಕೆಮ್ಮಿ ಹೊರಗೆ ಹೋದ. ಆ ಸಂಜೆ ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಕಾಕಾನೂ ನಕ್ಕ, ಆದರೆ ಉಣ್ಣಲು ಏಳಲಿಲ್ಲ.

ಅಪ್ಪ ಮತ್ತೆ ಒಳಗೆ ಬರಲಿಲ್ಲ. ಕಾಕಾ ಕರೆಯಲೂ ಇಲ್ಲ. ಸಂಜೆ ಕರೆಂಟು ಹೋದಾಗ ಒಬ್ಬನೇ ಕೂತು ತುಳಿಯುತ್ತಿದ್ದ, ತಾನೇ ಟೈಪು ಮಾಡುತ್ತಿದ್ದ. ಯಾರೋ ಹಾವೇರಿಗೆ ಕರೆಸಿ ಏಲಕ್ಕಿ ಹಾರ ಹಾಕಿ ಹೊಗಳಿದರೂ ಬಾಡಿದ ಮುಖದಲ್ಲೇ ಮರಳಿದ. "ಕಂಡವರೆಲ್ಲಾ ನೋಡಿದ್ರೋ, ಅಣ್ಣ ನೋಡಲಿಲ್ಲ" ಎಂದ. ಬರುಬರುತ್ತ ಹುಮ್ಮಸ್ಸು ಇಳಿಯಿತು. ಸಾಲೆಗಳ ಮಾತು ನಿಂತಿತು. ಒಂದು ದಿನ ಎಲ್ಲವನ್ನೂ ಬಿಚ್ಚಿ ಗುಜರಿಗೆ ಹಾಕಿದ. ಸೈಕಲ್ಲಿಗೆ ಮತ್ತೆ ಟೈರು ಏರಿಸಿದ. ಅವನು ಕಾಲು ನೋಡುವುದನ್ನು ಬಿಟ್ಟ ಮೇಲೆ ನಮಗೆ ಅವನೊಡನೆ ಏನು ಮಾತಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಆ ಹುಚ್ಚು ಇದ್ದಾಗಲೇ ಚೆನ್ನಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಅಪ್ಪ ತೀರಿಕೊಂಡ ಮೇಲೆ ಒಂದು ದಿನ ಅವ್ವ ಅಕ್ಕಿ ಹಸನು ಮಾಡುತ್ತ ಸಹಜವಾಗಿ ಹೇಳಿದಳು: "ನಿಮ್ಮಪ್ಪ ಸಂತಿಗೆ ಹೋದಾಗೆಲ್ಲಾ ಕತ್ತಲಾಗೂತನಕ ಅಲ್ಲೇ ಇರತಿದ್ದ. ಗೋದಾಮಿನ ಕಡೆ ಕಿಟಕ್ಯಾಗ ನಿಂತು, ತಮ್ಮ ತುಳಿಯೂದು ನೋಡಿ ಬರತಿದ್ದ. ಒಳಗ ಹೋಗಬಾರದೇನು ಅಂದ್ರ, 'ಹೋದ್ರ ಇಳೀತಾನ' ಅಂತಿದ್ದ."

ನಾನು ಆ ದಿನವೇ ಬ್ಯಾಡಗಿಯ ಬಸ್ಸು ಹತ್ತಿದೆ. ಇಂಥ ಮಾತನ್ನು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡ ಅಪ್ಪನ ಮೇಲೆ ದಾರಿಯುದ್ದಕ್ಕೂ ಸಿಟ್ಟು. ಒಂದು ಮಾತು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ಕಾಕಾ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದ. "ಯಾವ ಕಿಟಕಿ ಅಂದಿ?" ಎಂದು ಕೇಳಿದ.

"ಗೋದಾಮಿನ ಕಡೇದು."

ಎದ್ದು ನನ್ನನ್ನು ಆ ಖೋಲಿಗೆ ಕರೆದುಕೊಂಡು ಹೋದ. ಖಾಲಿ ನೆಲದ ಮೇಲೆ ಇಲ್ಲಿ ಟೇಬಲ್ಲು, ಇಲ್ಲಿ ಸೈಕಲ್ಲು ಎಂದು ಕೈಯಿಂದಲೇ ಗುರುತು ಮಾಡಿ, ಕಿಟಕಿಯ ಬಳಿ ಹೋಗಿ ತಿರುಗಿ ನಿಂತ.

"ಇಲ್ಲಿಂದ ಪರದೆ ಕಾಣಂಗಿಲ್ಲೋ ತಮ್ಮಾ. ಕಂಪ್ಯೂಟರಿನ ಬೆನ್ನು ಈ ಕಡೆ ಇತ್ತು. ಅಣ್ಣ ಒಂದ ಅಕ್ಷರಾನೂ ನೋಡಿಲ್ಲ."

ಕಿಟಕಿಯ ಬಾಗಿದ ಸರಳನ್ನು ಹಿಡಿದುಕೊಂಡು, ಎದುರಿಗೆ ತಾನು ಕೂತು ತುಳಿಯುತ್ತಿದ್ದ ಜಾಗವನ್ನು ನೋಡಿದ. ಆಮೇಲೆ, ಎಂದೂ ಯಾರ ಮುಖವನ್ನೂ ನೋಡದವನು, ನನ್ನ ಮುಖವನ್ನೇ ನೋಡುತ್ತ ಕೇಳಿದ:

"ಹಂಗಾರ, ಅಷ್ಟು ದಿನ ನನ್ನ ಮಾರೀನ ನೋಡ್ಕೋತ ನಿಂತಿದ್ದನೇನೋ?"